ಪಂಪ್‌ಹೌಸಿನ ಕೆಂಪು ಗೆರೆ

ಆ ಬೆಳಗ್ಗೆ ಪಂಪ್‌ಹೌಸಿನಲ್ಲಿ ಅಸಾಧಾರಣವಾದ ಒಂದು ಘಟನೆ ನಡೆಯಿತು. ನೀರು ಸರಬರಾಜಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ಘಟನೆಗೊಂದು ಅಧ್ಯಾಯ ಮೀಸಲಿಡಬೇಕು. ಘಟನೆ ಇಷ್ಟು: ಮೇಜಿನ ಮೇಲಿಟ್ಟ ಚಹಾದ ಲೋಟ ಇಟ್ಟಲ್ಲೇ ಇತ್ತು.

ನಿನ್ನೆ ಹೀಗಿರಲಿಲ್ಲ. ನಿನ್ನೆಯೂ ಇದೇ ಮೇಜು, ಇದೇ ಲೋಟ, ಸಕ್ಕರೆ ಜಾಸ್ತಿಯಾದ ಇದೇ ಚಹಾ. ಇಟ್ಟು ಕೈಬಿಟ್ಟದ್ದೇ ತಡ, ಲೋಟ ಗಿಲಿಗಿಲಿ ನಡುಗುತ್ತ, ಸೊಸೆಯ ಮೇಲೆ ಮುನಿಸಿಕೊಂಡು ಮನೆಬಿಟ್ಟು ಹೊರಟ ಮುದುಕಿಯ ಹಾಗೆ ಮೇಜಿನ ಅಂಚಿಗೆ ನಡೆದಿತ್ತು. ಇನ್ನೇನು ಬೀಳಬೇಕು ಎನ್ನುವಾಗ ಮೀಟರಮ್ಮ ಹಿಡಿದಿದ್ದಳು.

ಇವತ್ತು ಅದೇ ಲೋಟ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಕೂತಿದೆ. ಮೇಲಿನ ಕೆನೆ ಕೂಡ ಸುಕ್ಕಾಗಿಲ್ಲ.

ಹೇಳಿದ ಮಾತು ಕೇಳುವ ಮಕ್ಕಳ ಮೇಲೆ ಮೀಟರಮ್ಮನಿಗೆ ಮೊದಲಿನಿಂದಲೂ ಅನುಮಾನ.

"ಏನ್ ಮೇಡಂ, ಲೋಟನ್ನ ಹಾಗೆ ನೋಡ್ತಾ ಇದೀರಿ? ವಿಷ ಗಿಷ ಹಾಕಿದೀವಿ ಅಂದ್ಕೊಂಡ್ರಾ?" ಸ್ಟೇಷನ್ನಿನ ಇಂಜಿನಿಯರ್ ನಕ್ಕ. ಇನ್ನೂ ಎಳೆ ವಯಸ್ಸು. ಇಸ್ತ್ರಿಯ ಮಡಿಕೆ ಮುರಿಯದ ಅಂಗಿ. ಮಾತಿಗಿಂತ ಒಂದು ಹೆಜ್ಜೆ ಮುಂದೆಯೇ ಬಂದು ನಿಲ್ಲುವ ನಗು.

"ವಿಷ ಅಲ್ಲ ಸಾಹೇಬ್ರೇ, ಶಾಂತಿ. ನಿಮ್ಮ ಪಂಪುಗಳು ನಿನ್ನೆ ಕುಣೀತಾ ಇದ್ವು. ಇವತ್ತು ಧ್ಯಾನಕ್ಕೆ ಕೂತಿವೆ."

"ಹೊಸ ಪಂಪು ಅಲ್ವಾ ಮೇಡಂ. ಒಂದೊಂದು ದಿನ ಒಂದೊಂದು ಮೂಡು."

"ಕಬ್ಬಿಣಕ್ಕೆ ಮೂಡ್ ಇರಲ್ಲ. ಅದರ ಹತ್ರ ಕೆಲಸ ಮಾಡೋರಿಗೆ ಇರುತ್ತೆ."

ನಗು ಅಲ್ಲೇ ಉಳಿಯಿತು. ಕಣ್ಣು ಮಾತ್ರ ಅದರಿಂದ ಕಳಚಿಕೊಂಡು ಬಾಗಿಲ ಕಡೆ ಹೋಗಿ ಬಂತು.

ಮೀಟರಮ್ಮನ ನಿಜವಾದ ಹೆಸರು ಗೊತ್ತಿರುವುದು ಸಂಬಳದ ಚೀಟಿಗೆ ಮಾತ್ರ. ನೀರಿನ ಮಂಡಳಿಯ ವಿದ್ಯುತ್ ತಪಾಸಕಿ ಅವಳು. ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ, ಮೋಟಾರಿನ ನಾಡಿ ಹಿಡಿದು, ಉರಿದ ಕರೆಂಟಿನಲ್ಲಿ ನೀರಿಗೆ ಹೋದದ್ದೆಷ್ಟು ಗಾಳಿಗೆ ಹೋದದ್ದೆಷ್ಟು ಎಂದು ಹೇಳುವುದು ಕೆಲಸ. ಬೆನ್ನ ಹಿಂದೆ ಹುಟ್ಟಿದ ಅಡ್ಡಹೆಸರು ವರ್ಷಗಳುರುಳಿದಂತೆ ಎದುರಿಗೇ ಬಂದು ಕೂತಿತ್ತು.

ಈ ಸ್ಟೇಷನ್ನಿನಲ್ಲಿ ಹಳೆಯ ಪಂಪುಗಳನ್ನು ಕಿತ್ತು ಹೊಸತನ್ನು ಕೂರಿಸಿದ್ದರು. ತುಕ್ಕು ಹಿಡಿದು ಗಂಟಲು ಕಟ್ಟಿದ್ದ ಪೈಪಿನ ಜಾಗದಲ್ಲಿ ಅಗಲವಾದ ಪೈಪು ಬಂದಿತ್ತು. ಕರೆಂಟಿನ ಖರ್ಚು ಇಳಿಯಬೇಕಿತ್ತು. ಏರಿತ್ತು. ಮಂಡಳಿಯ ದೊಡ್ಡ ಸಾಹೇಬರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: "ಇದು ಯಂತ್ರದ ತಪ್ಪಲ್ಲಮ್ಮ, ಯಾರದೋ ಕೈವಾಡ. ನಾಳೆ ಸಂಜೆಯೊಳಗೆ ನಂಗೊಂದು ಹೆಸರು ಬೇಕು."

ಆ ನಾಳೆ ಇವತ್ತು.

ಇನ್ನೊಂದು ತೊಡಕಿತ್ತು. ಇಲ್ಲಿನ ಹಿರಿಯ ಆಪರೇಟರ್ ಮೀಟರಮ್ಮನ ಸ್ವಂತ ಅಕ್ಕನ ಗಂಡ. ಪಂಪ್‌ಹೌಸಿನ ಹಿಂದಿನ ಕ್ವಾರ್ಟರ್ಸಿನಲ್ಲೇ ಅವರ ವಾಸ. ಅಕ್ಕ ಮದುವೆಯಾಗಿ ಕಾಲಿಟ್ಟದ್ದು ಆ ಮನೆಗೆ, ಮಕ್ಕಳನ್ನು ಬೆಳೆಸಿದ್ದು ಆ ಮನೆಯಲ್ಲಿ. ತಲೆಯ ಮೇಲೆ ಬೇರೊಂದು ಸೂರಿಲ್ಲ. ಭಾವನ ಕೆಲಸ ಹೋದರೆ ಆ ಮನೆಯೂ ಹೋಗುತ್ತದೆ. ಈ ನಂಟನ್ನು ಮೀಟರಮ್ಮ ದೊಡ್ಡ ಸಾಹೇಬರಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು. ಆ ಬೇರೆಯವರು ಚಹಾದ ಲೋಟವನ್ನು ನೋಡುತ್ತಿರಲಿಲ್ಲ. ಸೀನಿಯರ್ ಯಾರು ಎಂದು ಕೇಳಿ, ಆ ಹೆಸರನ್ನು ಬರೆದುಕೊಂಡು, ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದರು.

ಚಹಾವನ್ನು ಅಲ್ಲೇ ಬಿಟ್ಟು ಅವಳು ಪಂಪಿನ ಕಡೆಗೆ ನಡೆದಳು.

ನದಿಯಿಂದ ಎಳೆದ ನೀರು ಪಂಪಿನಿಂದ ಹೊರಟು, ಮೇಲೆ ದಿಬ್ಬದಲ್ಲಿರುವ ಶುದ್ಧೀಕರಣದ ತೊಟ್ಟಿಗಳಿಗೆ ಏರುತ್ತದೆ. ಆ ದಾರಿಯ ಬಾಯಲ್ಲಿ ದೊಡ್ಡ ಚಕ್ರದ ಒಂದು ವಾಲ್ವ್. ಚಕ್ರ ತಿರುಗಿಸಿ ತೆರೆದಷ್ಟೂ ನಡುವಿನ ತಿರುಪಿನ ಕಂಬಿ ಮೇಲೇಳುತ್ತದೆ, ಮುಚ್ಚಿದಷ್ಟೂ ಒಳಗಿಳಿಯುತ್ತದೆ. ಇವತ್ತು ಕಂಬಿ ಪೂರ್ತಿ ಎದ್ದು ನಿಂತಿತ್ತು. ವಾಲ್ವ್ ಪೂರ್ತಿ ತೆರೆದಿದೆ. ಇರಬೇಕಾದದ್ದೂ ಹಾಗೆಯೇ.

ಆದರೆ ಕಂಬಿಗೆ ಎರಡು ಬಣ್ಣ. ಮೇಲರ್ಧದಲ್ಲಿ ಒಣಗಿ ಕಪ್ಪಾದ ಗ್ರೀಸು, ಅದರ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಕೆಳಗಿನರ್ಧದಲ್ಲಿ ಹಸಿ ಗ್ರೀಸು, ಈಗಷ್ಟೇ ಒಳಗಿಂದ ಬಂದ ಹೊಳಪು. ಅರ್ಧ ತೋಳಿನ ಅಂಗಿ ತೆಗೆದವನ ತೋಳು ಹೀಗೇ ಇರುತ್ತದೆ. ಬಿಸಿಲು ಕಂಡದ್ದೆಷ್ಟು ಕಾಣದ್ದೆಷ್ಟು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ತಿಂಗಳುಗಟ್ಟಲೆ ಅರ್ಧ ಮುಚ್ಚಿಯೇ ಇದ್ದ ವಾಲ್ವ್ ಇದು. ಅವಳು ಬಂದ ಮೇಲೆ ಯಾರೋ ತೆರೆದಿದ್ದಾರೆ.

ಅರ್ಧ ಮುಚ್ಚಿದ ವಾಲ್ವಿಗೆ ಎದುರಾಗಿ ಪಂಪು ಓಡಿಸುವುದೆಂದರೆ ಮೂಗು ಹಿಡಿದುಕೊಂಡು ಓಟಕ್ಕೆ ನಿಂತ ಹಾಗೆ. ಬೆವರೇನೋ ಧಾರಾಳ ಸುರಿಯುತ್ತದೆ, ದಾರಿ ಸಾಗುವುದಿಲ್ಲ. ಮೋಟಾರು ನುಂಗಿದ ಕರೆಂಟಿನಲ್ಲಿ ಒಂದು ಪಾಲು ನೀರನ್ನು ಎತ್ತುತ್ತದೆ, ಉಳಿದದ್ದು ಕಬ್ಬಿಣವನ್ನು ನಡುಗಿಸುತ್ತದೆ, ನೆಲವನ್ನು ನಡುಗಿಸುತ್ತದೆ, ಅತಿಥಿಗಳ ಚಹಾವನ್ನು ಚೆಲ್ಲುತ್ತದೆ. ತೊಟ್ಟಿ ತುಂಬುವುದಕ್ಕೆ ಪಂಪು ಇನ್ನಷ್ಟು ಹೊತ್ತು ಓಡಬೇಕು. ಮೀಟರಿಗೆ ಹಬ್ಬ.

ಅವಳು ನೆತ್ತಿಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಗೇಜಿನ ಎದುರು ಬಗ್ಗಿದಳು.

ಪಂಪಿಗೂ ವಾಲ್ವಿಗೂ ನಡುವೆ ಕೂತು ನೀರಿನ ಒತ್ತಡ ತೋರಿಸುವ ದುಂಡನೆಯ ಗೇಜು. ಅದರ ಗಾಜಿನ ಮೇಲೆ ಒಂದು ಕೆಂಪು ಗೆರೆ. ಈ ಸ್ಟೇಷನ್ನಿನಲ್ಲಿ ಯಾವ ಪಾಳಿಯವರಿಗೂ ಇರುವುದು ಒಂದೇ ಶಾಸ್ತ್ರ: ಮುಳ್ಳು ಗೆರೆಯ ಮೇಲೆ ನಿಲ್ಲಬೇಕು. ಕೆಳಗಿಳಿದರೆ ವಾಲ್ವನ್ನು ಒಂದಿಷ್ಟು ಮುಚ್ಚು, ಮೇಲೇರಿದರೆ ಒಂದಿಷ್ಟು ತೆರೆ. ಗೆರೆ ಎಳೆದವರು ಯಾರು, ಯಾಕೆ ಅಲ್ಲೇ ಎಳೆದರು ಎಂದು ಕೇಳಿದ ಪಾಪ ಯಾರೂ ಕಟ್ಟಿಕೊಂಡಿರಲಿಲ್ಲ. ಗೆರೆ ಎಂದರೆ ಗೆರೆ.

ಇವತ್ತು ಮುಳ್ಳು ಗೆರೆಗಿಂತ ಎಷ್ಟೋ ಕೆಳಗಿತ್ತು. ಮುಳ್ಳು ನಿಂತ ಆ ಜಾಗದ ಗಾಜಿನ ಮೇಲೆ ಬ್ಲೇಡಿನಲ್ಲಿ ಕೆರೆದ ಮಾಸಲು ಕಲೆ. ಅಲ್ಲೊಂದು ಹಳೆಯ ಗುರುತಿತ್ತು. ಅಳಿಸಿ, ಮೇಲೆ ಹೊಸದನ್ನು ಎಳೆದಿದ್ದಾರೆ.

ಅವಳು ಹೊಸ ಗೆರೆಯ ತುದಿಯನ್ನು ಉಗುರಿನಿಂದ ಎಬ್ಬಿಸಿದಳು. ಹೊಳೆಯುವ ಕೆಂಪು ಸಿಪ್ಪೆಯೊಂದು ಎದ್ದು ಬಂತು. ಪೇಂಟ್ ಹೀಗೆ ಏಳುವುದಿಲ್ಲ.

"ಈ ಗೆರೆ ಯಾರು ಎಳೆದದ್ದು ಸಾಹೇಬ್ರೇ?"

"ಕಂಪನಿಯವರು. ಪಂಪ್ ಕೂರಿಸಿದ ದಿನ."

"ಕಂಪನಿಯವರು ಉಗುರಿಗೆ ಬಣ್ಣ ಹಚ್ಕೋತಾರಾ?"

ಇಂಜಿನಿಯರ್ ಹತ್ತಿರ ಬಂದ. ನೋಡಿದ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ನಗು ತಡವಾಯಿತು.

"ಗೇಜು ಮುಟ್ಟೋ ಅಧಿಕಾರ ಇರೋದು ಸೀನಿಯರ್ ಆಪರೇಟರ್‌ಗೆ ಮಾತ್ರ ಮೇಡಂ. ಉಗುರುಬಣ್ಣ ಅಂತೀರಿ... ಅವರ ಮನೇಲಿ ಹೆಂಗಸರು ಇದಾರಲ್ವಾ?" ಸ್ವಲ್ಪ ತಡೆದು ಸೇರಿಸಿದ. "ನಿಮಗೆ ಗೊತ್ತಿರಬೇಕು."

ನನಗೇಕೆ ಗೊತ್ತಿರಬೇಕು ಎಂದು ಕೇಳುವ ಧೈರ್ಯ ಮೀಟರಮ್ಮನಿಗೆ ಆಗಲಿಲ್ಲ.

* * *

"ಬಾ ಪುಟ್ಟಿ, ಕೈಕಾಲು ತೊಳ್ಕೊ. ತಟ್ಟೆ ಹಾಕಿದೀನಿ," ಎಂದಳು ಅಕ್ಕ.

ಪುಟ್ಟಿಗೆ ಐವತ್ತು ಹತ್ತಿರವಾಗಿತ್ತು. ಕೂರುವಾಗ ಒಂದು ಕೈ ಗೋಡೆಗೆ, ಒಂದು ಮಂಡಿಗೆ.

ಬಡಿಸುವ ಅಕ್ಕನ ಕೈಯನ್ನು ಅವಳು ನೋಡಿದಳು. ತೀರಾ ಮೊಟಕಾಗಿ ಕತ್ತರಿಸಿದ, ಸೋಪಿನ ಪುಡಿಗೆ ಬಿಳಿಚಿದ ಉಗುರುಗಳು. ಬಣ್ಣ ಕಂಡ ಉಗುರುಗಳಲ್ಲ.

"ಏನೇ ಅದು, ಕೈ ಹಾಗೆ ನೋಡ್ತೀಯ? ಭವಿಷ್ಯ ಹೇಳೋಕೂ ಶುರು ಮಾಡಿದ್ಯಾ?"

"ಉಗುರಿಗೆ ಬಣ್ಣ ಹಚ್ಚಲ್ವಾ ಅಕ್ಕ ನೀನು?"

"ಹಚ್ಚಿದ್ರೆ ಪಾತ್ರೆ ಉಜ್ಜೋರು ಯಾರು? ನಿಮ್ಮ ಮಂಡಳಿಯವರು ಬರ್ತಾರಾ?"

ಹಿತ್ತಲಿನ ನಲ್ಲಿಯಲ್ಲಿ ಭಾವ ಕೈ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು. ಒಳಗೆ ಬಂದು ಕೂತಾಗಲೂ ಬೆರಳ ಗಿಣ್ಣುಗಳ ಸಂದಿಯಲ್ಲಿ ಗ್ರೀಸಿನ ಕಪ್ಪು ಉಳಿದಿತ್ತು. ಮನುಷ್ಯ ಎತ್ತರ, ಮಾತು ಮೊಟಕು. ಮೋಟಾರಿನ ಸದ್ದಿನಲ್ಲೇ ಆಯಸ್ಸು ಕಳೆದದ್ದರಿಂದ ಮನೆಯಲ್ಲೂ ಒಂದಿಷ್ಟು ಗಟ್ಟಿಯಾಗಿಯೇ ಮಾತಾಡುವವರು. ಇವತ್ತು ದನಿ ತಗ್ಗಿತ್ತು.

"ಭಾವ, ವಾಲ್ವ್ ತೆಗೆದದ್ದು ನೀವಾ?"

"ಹೂಂ."

"ಯಾಕೆ?"

"ನಾದಿನಿ ಬಂದಿದಾಳೆ ಅಂದ್ರೆ ಮನೆ ಗುಡಿಸಲ್ವಾ? ಹಾಗೇ."

"ಇಷ್ಟು ದಿನ ಗುಡಿಸದೆ ಯಾಕೆ ಬಿಟ್ಟಿದ್ರಿ?"

"ಗೆರೆ ಎಲ್ಲಿದ್ಯೋ ಅಲ್ಲಿ ಮುಳ್ಳು ನಿಲ್ಲಿಸೋದು ನನ್ನ ಕೆಲಸ."

"ಗೆರೇನೇ ಎದ್ದು ಮೇಲಕ್ಕೆ ಹೋಗಿ ಕೂತಿತ್ತಲ್ಲ, ಗೊತ್ತಾಗ್ಲಿಲ್ವಾ?"

ಭಾವ ತುತ್ತನ್ನು ಅಗಿದು ನುಂಗಿದರು. "ಗೊತ್ತಾಯ್ತು. ಮೊದಲನೇ ದಿನಾನೇ ಗೊತ್ತಾಯ್ತು."

"ಯಾರು?"

"ಚಾಡಿ ಹೇಳಿ ಬದುಕಿದವನಲ್ಲ ನಾನು." ನೀರಿನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಕುಡಿಯದೆ ಕೆಳಗಿಟ್ಟರು. "ಬಾಯಾರಿಕೆ ಆದ್ರೆ ಮೇಲೆ ಲ್ಯಾಬಿಗೆ ಹೋಗಿ ಕುಡಿ. ಅಲ್ಲಿ ನೀರು ಚೆನ್ನಾಗಿರುತ್ತೆ."

ಚಾಡಿ ಹೇಳದೆ ಬದುಕಿದವರು ವಿಳಾಸ ಹೇಳಬಾರದೆಂದು ಎಲ್ಲೂ ಇಲ್ಲವಲ್ಲ.

ಏಳುವಾಗ ಮೀಟರಮ್ಮ ನೋಡಿದಳು: ಹೊರಬಾಗಿಲ ಪಕ್ಕದಲ್ಲಿ ಅವಳ ಚೀಲ. ರಾತ್ರಿ ಕಳಚಿಟ್ಟ ಸೀರೆ, ಟವೆಲು, ಮಾತ್ರೆಯ ಡಬ್ಬಿ ಎಲ್ಲ ಒಳಗೆ. ಜಿಪ್ಪು ಕೂಡ ಎಳೆದಾಗಿತ್ತು.

"ಬಟ್ಟೆ ಮಡಚಿ ಇಟ್ಟಿದೀನಿ," ಎಂದಳು ಅಕ್ಕ. "ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡು."

"ಹೊರಡ್ತೀನಿ ಅಂತ ನಾನು ಹೇಳಿದ್ನಾ?"

"ಕೆಲಸ ಮುಗೀತಲ್ವಾ ನಿಂದು?"

"ಯಾರು ಹೇಳಿದ್ರು?"

ಅಕ್ಕ ಭಾವನ ಮುಖ ನೋಡಿದಳು. ಭಾವ ತಟ್ಟೆಯನ್ನು ನೋಡಿದರು.

ಹುಟ್ಟಿದಾಗಿನಿಂದ ಕಂಡ ಅಕ್ಕ. ಬಂದವರನ್ನು ಇನ್ನೆರಡು ದಿನ ಇರು ಎಂದು ಕೈ ಹಿಡಿದು ಕೂರಿಸದೆ ಕಳಿಸಿದ್ದೇ ಇಲ್ಲ. ಬಸ್ಸು ತಪ್ಪಿಸಲೆಂದೇ ಗಡಿಯಾರ ಹಿಂದಕ್ಕೆ ತಿರುಗಿಸಿದವಳು. ಮೀಟರಮ್ಮ ಚೀಲವನ್ನು ಮುಟ್ಟದೆ ಹೊರಗೆ ಹೆಜ್ಜೆಯಿಟ್ಟಳು. ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಆಮೇಲೆ ಒಳಗಿಂದ ಚಿಲಕದ ಸದ್ದು.

* * *

ಲ್ಯಾಬು ದಿಬ್ಬದ ಮೇಲೆ, ಫಿಲ್ಟರ್ ಬೆಡ್ಡುಗಳ ಪಕ್ಕದಲ್ಲಿತ್ತು. ಕಿಟಕಿಯಿಂದ ನೋಡಿದರೆ ಮರಳಿನ ಆ ದೊಡ್ಡ ತೊಟ್ಟಿಗಳು ಕಾಣುತ್ತಿದ್ದವು. ಮಳೆಗಾಲದ ನದಿ ಕೆಂಪಾಗಿತ್ತು. ತೊಟ್ಟಿಗೆ ಬೀಳುವ ನೀರೂ ಕೆಂಪಾಗಿತ್ತು.

ಕಿಟಕಿಯ ಉದ್ದಕ್ಕೂ ಮಾದರಿ ನೀರಿನ ಬಾಟಲಿಗಳು. ಒಂದೊಂದರ ಕುತ್ತಿಗೆಯ ಮೇಲೂ ಹೊಳೆಯುವ ಕೆಂಪು ಚುಕ್ಕೆ. ಆಸಿಡ್ಡಿನ ಸೀಸೆಗಳ ನಡುವೆ, ಮದುವೆಮನೆಯಿಂದ ದಾರಿತಪ್ಪಿ ಬಂದ ಹುಡುಗಿಯ ಹಾಗೆ, ಉಗುರುಬಣ್ಣದ ಪುಟ್ಟ ಸೀಸೆ.

"ಒಳ್ಳೇ ಬಣ್ಣ," ಎಂದಳು ಮೀಟರಮ್ಮ.

ಕೆಮಿಸ್ಟ್ ತಲೆಯೆತ್ತಲಿಲ್ಲ. ಸಣಕಲು ಹೆಂಗಸು, ಕನ್ನಡಕಕ್ಕೆ ದಾರ, ದಾರಕ್ಕೆ ಗಂಟು. "ಪೆನ್ನಿನ ಗುರುತು ನೀರಲ್ಲಿ ಹೋಗುತ್ತೆ. ಇದು ಹೋಗಲ್ಲ."

"ಗೇಜಿನ ಗಾಜಿನ ಮೇಲೂ ಹೋಗಿಲ್ಲ."

ಈಗ ಕೆಮಿಸ್ಟ್ ಕೈಯಲ್ಲಿದ್ದ ಗಾಜಿನ ನಳಿಗೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಒರೆಸಿ, ತಿರುಗಿದಳು. "ಇಷ್ಟು ತಿಂಗಳು ಬೇಕಾಯ್ತಾ ನಿಮ್ಮ ಮಂಡಳಿಗೆ, ಇದನ್ನ ಕೇಳೋಕೆ?"

"ಒಪ್ಕೋತೀರಾ ಹಾಗಾದ್ರೆ?"

"ಮುಚ್ಚಿಡೋಕೆ ನಾನೇನು ಕದ್ದಿದೀನಾ?" ಅವಳು ಎರಡು ಗಾಜಿನ ಲೋಟಗಳನ್ನು ಮುಂದಕ್ಕೆ ತಳ್ಳಿದಳು. "ಇದು ನಿನ್ನೆ ಸೋಸಿದ ನೀರು. ಇದು ಇವತ್ತಿನದು. ನೋಡಿ."

ನಿನ್ನೆಯದು ತಿಳಿಯಾಗಿತ್ತು. ಇವತ್ತಿನದರಲ್ಲಿ, ಬೆಳಕಿಗೆ ಹಿಡಿದರೆ, ತೆಳುವಾದ ಮಬ್ಬು.

"ಬೆಳಗ್ಗೆ ಯಾರೋ ವಾಲ್ವ್ ಪೂರ್ತಿ ತೆಗೆದಿದಾರೆ. ನಿಮ್ಮ ಸ್ವಾಗತಕ್ಕೆ ಇರಬೇಕು. ಹೊಸ ಪಂಪು ಬಂತು, ದೊಡ್ಡ ಪೈಪು ಬಂತು, ಎಲ್ಲಾ ಸರಿ. ಫಿಲ್ಟರ್ ಬೆಡ್ಡು? ಅದು ಹಳೇದೇ. ಆ ಮರಳಲ್ಲಿ ನೀರು ನಿಧಾನವಾಗಿ ಇಳೀಬೇಕು ಮೇಡಂ. ಇಡೀ ನದೀನ ತಂದು ನನ್ನ ತಲೆ ಮೇಲೆ ಸುರಿದ್ರೆ ಅದೇನ್ ಸೋಸುತ್ತೆ? ಇದು ಊರಿಗೆ ಹೋಗ್ತಿರೋ ನೀರು. ಕುಡೀತೀರಾ?"

ಮೀಟರಮ್ಮನಿಗೆ ಬಾಯಾರಿಕೆ ಇರಲಿಲ್ಲ.

"ಆಪರೇಟರ್‌ಗಳಿಗೆ ಕಮ್ಮಿ ಬಿಡಿ ಅಂತ ಹೇಳಬಹುದಿತ್ತಲ್ಲ."

"ಬಾಯಿ ನೋಯೋವರೆಗೂ ಹೇಳಿದೆ. 'ಗೆರೆ ಅಲ್ಲಿದೆ ಮೇಡಂ, ನಾವೇನ್ ಮಾಡೋಕಾಗುತ್ತೆ' ಅಂದ್ರು. ಮೂರು ಪಾಳಿಯವರದೂ ಒಂದೇ ಮಾತು. ನನ್ನ ಮಾತು ಕೇಳಲ್ಲ, ಗ್ಲಾಸಿನ ಮೇಲಿರೋ ಗೆರೆ ಮಾತು ಕೇಳ್ತಾರೆ. ಸರಿ, ಊಟದ ಹೊತ್ತಲ್ಲಿ ಹೋಗಿ ಗೆರೇನೇ ಸರಿಸಿ ಬಂದೆ. ಅವತ್ತು ಸಂಜೆಯಿಂದಾನೇ ಒಬ್ಬೊಬ್ಬರೂ ಚಕ್ರ ತಿರುಗಿಸಿ ತಿರುಗಿಸಿ, ಮುಳ್ಳನ್ನ ನನ್ನ ಗೆರೆ ಮೇಲೆ ತಂದು ನಿಲ್ಲಿಸಿದ್ರು. ಎಷ್ಟು ಶ್ರದ್ಧೆ ಅಂತೀರಿ!"

ಮೀಟರಮ್ಮನಿಗೆ ನಗು ಬಂತು. ಬಂದ ನಗುವನ್ನು ಕೆಮ್ಮಾಗಿ ಮಾರ್ಪಡಿಸಿದಳು.

"ಕರೆಂಟು ಎಷ್ಟು ಹಾಳಾಯ್ತು ಗೊತ್ತಾ?"

"ಗೊತ್ತು. ಎಷ್ಟು ಜನರ ಹೊಟ್ಟೆ ಹಾಳಾಗ್ಲಿಲ್ಲ ಅನ್ನೋದು ಮಾತ್ರ ನಿಮ್ಮ ಮೀಟರಲ್ಲಿ ಬರಲ್ಲ." ಕೆಮಿಸ್ಟ್ ಸ್ಟೂಲನ್ನು ಎಳೆದು ಕೂತಳು. "ಸಂಜೆಯೊಳಗೆ ಒಂದು ಹೆಸರು ಬೇಕಂತಲ್ಲ ನಿಮಗೆ? ನನ್ನದೇ ಕೊಡಿ."

"ಅದು ನಿಮಗೆ ಹೇಗೆ ಗೊತ್ತು?"

"ಈ ದಿಬ್ಬಕ್ಕೆ ನೀರಿಗಿಂತ ಮೊದಲು ಸುದ್ದಿ ಏರುತ್ತೆ."

ಮೀಟರಮ್ಮನ ಕೈಗೆ ಒಂದು ಹೆಸರು ಸಿಕ್ಕಿತ್ತು. ಹೆಸರಿನ ಒಡತಿಯೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದಾಳೆ. ಭಾವ ಉಳಿದರು, ಅಕ್ಕನ ಮನೆ ಉಳಿಯಿತು, ಮಧ್ಯಾಹ್ನದ ಬಸ್ಸಿಗೂ ಇನ್ನೂ ಹೊತ್ತಿದೆ. ಬುದ್ಧಿವಂತರು ಇಲ್ಲಿಗೆ ನಿಲ್ಲಿಸುತ್ತಾರೆ.

"ಒಂದು ಮಾತು," ಎಂದಳು ಅವಳು. "ನೀರು ಕಮ್ಮಿ ಬೇಕಂದ್ರೆ ವಾಲ್ವ್ ಯಾಕೆ ಮುಚ್ಚಬೇಕು? ಮೋಟಾರಿನ ವೇಗ ಇಳಿಸಬಹುದು. ಅದಕ್ಕಂತಾನೇ ಪಂಪಿನ ಜೊತೆ ಡ್ರೈವ್ ಕೊಟ್ಟಿದಾರೆ. ವೇಗ ಇಳಿದ್ರೆ ನಿಮ್ಮ ನೀರೂ ತಿಳಿಯಾಗುತ್ತೆ, ನನ್ನ ಕರೆಂಟೂ ಉಳಿಯುತ್ತೆ."

ಕೆಮಿಸ್ಟ್ ಕನ್ನಡಕ ತೆಗೆದಳು. ಮೊದಲ ಸಲ ಅವಳ ಮುಖದಲ್ಲಿ ಸಿಡುಕಿಗೆ ಬದಲಾಗಿ ಕುತೂಹಲ.

"ನಾನೂ ಇಂಜಿನಿಯರ್‌ನ ಅದನ್ನೇ ಕೇಳಿದೆ. ಡ್ರೈವಿನ ಪೆಟ್ಟಿಗೆಗೆ ಬೀಗ ಇದೆ, ಕೀಲಿ ಕಂಪನಿಯವರ ಹತ್ರ ಇದೆ ಅಂದ. ಹಿರಿಯ ಆಪರೇಟರ್‌ನ ಕೇಳಿದೆ. ನಾನು ಗೆರೆ ಸರಿಸಿದ್ದು ಗೊತ್ತಿದ್ರೂ ಕಣ್ಣು ಮಿಟುಕಿಸದೆ ಇದ್ದ ಮನುಷ್ಯ, ಪೆಟ್ಟಿಗೆ ಅಂದ ತಕ್ಷಣ ಬೆವತುಹೋದ್ರು. 'ಅದರ ಸುದ್ದಿಗೆ ಹೋಗಬೇಡಿ ಮೇಡಂ' ಅಂದ್ರು."

ಡ್ರೈವಿನ ಪೆಟ್ಟಿಗೆ. ಆಳೆತ್ತರದ ಬೂದು ಬಣ್ಣದ ಬೀರು, ಬಾಗಿಲ ಮೇಲೆ ಹಸಿರು ದೀಪ. ನಿನ್ನೆ ಮೀಟರಮ್ಮ ಅದರ ಪಕ್ಕ ಹಾದುಹೋಗುವಾಗ ಸುಮ್ಮನೆ ಅಂಗೈ ಇಟ್ಟಿದ್ದಳು. ತಣ್ಣಗಿತ್ತು. ನಡೆಯುವ ಡ್ರೈವು ಬೆಚ್ಚಗಿರುತ್ತದೆ, ಒಳಗೆ ಸಣ್ಣ ಫ್ಯಾನು ಗುಂಯ್‌ಗುಡುತ್ತಿರುತ್ತದೆ. ಆರಿಸಿಟ್ಟಿದ್ದಾರೆ ಎಂದುಕೊಂಡು ಮುಂದೆ ಹೋಗಿದ್ದಳು.

ಆರಿಸಿಟ್ಟ ಪೆಟ್ಟಿಗೆಯ ಮೇಲೆ ದೀಪವೇಕೆ ಉರಿಯುತ್ತಿತ್ತು?

ಅವಳು ಎದ್ದಳು. "ಕೆಳಗೆ ಫೋನ್ ಮಾಡಿ. ವಾಲ್ವನ್ನ ಮತ್ತೆ ನಿಮ್ಮ ಗೆರೆಗೆ ತರೋಕೆ ಹೇಳಿ. ಸದ್ಯಕ್ಕೆ ಕರೆಂಟು ಹಾಳಾದ್ರೆ ಆಗಲಿ."

"ನಾನು ಹೇಳಿದ್ರೆ ಕೇಳಲ್ಲ."

"ಮೀಟರಮ್ಮ ಹೇಳಿದ್ಲು ಅನ್ನಿ."

"ಅದೂ ಕೇಳಲ್ಲ," ಎಂದಳು ಕೆಮಿಸ್ಟ್, ಫೋನು ಎತ್ತಿಕೊಳ್ಳುತ್ತ. "ಗೆರೆ ಹೇಳಿದೆ ಅಂತೀನಿ."

* * *

ಪಂಪ್‌ಹೌಸಿಗೆ ಇಳಿದು ಬರುವ ಹೊತ್ತಿಗೆ ಬಿಸಿಲು ವಾಲಿತ್ತು. ಭಾವ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಮುಗಿಸಿ ಬೆವರೊರೆಸುತ್ತಿದ್ದರು. ನೆಲ ಮತ್ತೆ ಕಾಲಡಿಯಲ್ಲಿ ನಡುಗುತ್ತಿತ್ತು. ಇಂಜಿನಿಯರ್ ಬೂದು ಪೆಟ್ಟಿಗೆಗೆ ಒರಗಿ ನಿಂತಿದ್ದ, ಅದು ತನಗಾಗಿಯೇ ಮಾಡಿಸಿದ ಗೋಡೆ ಎನ್ನುವ ಹಾಗೆ.

"ಇದನ್ನ ತೆಗೀಬೇಕು," ಎಂದಳು ಮೀಟರಮ್ಮ.

"ಕೀಲಿ ಕಂಪನಿಯವರ ಹತ್ರ ಇದೆ ಮೇಡಂ. ಬೀಗ ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತೆ."

"ಸುತ್ತಿಗೆ ಎಲ್ಲಿದೆ?"

ಭಾವ ಸೊಂಟದ ಕೀಲಿಗೊಂಚಲನ್ನು ಬಿಚ್ಚಿದರು. ಗೊಂಚಲಿನಿಂದ ಒಂದನ್ನು ಬೇರ್ಪಡಿಸಿ ಅಂಗೈಯಲ್ಲಿ ಹಿಡಿದುಕೊಂಡರು, ಕೊಡಲಿಲ್ಲ.

"ನಿಮ್ಮ ಹತ್ರ ಇತ್ತಾ!" ಎಂದ ಇಂಜಿನಿಯರ್. ಅಚ್ಚರಿ ಸರಿಯಾದ ಅಳತೆಯಲ್ಲೇ ಇತ್ತು. ಸ್ವಲ್ಪ ಹೆಚ್ಚೇ ಸರಿಯಾಗಿತ್ತು.

ಭಾವ ಅವನ ಕಡೆ ನೋಡಲಿಲ್ಲ. "ಬೇಡ," ಎಂದರು ಮೆಲ್ಲಗೆ, ಅವಳಿಗೆ ಮಾತ್ರ. "ನೀನು ಕೇಳಿದ ಹೆಸರು ಸಿಕ್ಕಿದೆಯಲ್ಲ. ಅಷ್ಟು ಸಾಕು. ಹೊರಟುಬಿಡು."

"ತೆಗೀರಿ ಭಾವ."

ಮಾತು ಬಾಯಿಂದ ಬಿದ್ದೇ ಹೋಯಿತು.

"ಭಾವ?" ಎಂದ ಇಂಜಿನಿಯರ್, ದಾರಿಯಲ್ಲಿ ಬಿದ್ದ ಉಂಗುರವನ್ನು ಎತ್ತಿಕೊಂಡವನ ಮೃದುವಾದ ದನಿಯಲ್ಲಿ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೀಟರಮ್ಮ ಕೈಚಾಚಿದಳು. ಭಾವ ಕೀಲಿ ಕೊಟ್ಟರು.

ಬಾಗಿಲು ತೆರೆಯಿತು. ಹಸಿರು ದೀಪದಿಂದ ಇಳಿದ ಒಂದು ತೆಳ್ಳನೆಯ ವೈರು ಮೂಲೆಯ ಸಾಕೆಟ್ಟಿಗೆ ಹೋಗಿತ್ತು. ಕೆಳಗಿಂದ ಬಂದ ದಪ್ಪ ಕೇಬಲ್ಲುಗಳನ್ನು ಮೋಟಾರಿಗೆ ಹೋಗುವ ಕೇಬಲ್ಲುಗಳಿಗೆ ನೇರವಾಗಿ ಜೋಡಿಸಿ ಬೋಲ್ಟು ಬಿಗಿದಿದ್ದರು. ಬೇರೆ ಏನೂ ಇರಲಿಲ್ಲ. ಡ್ರೈವು ಇರಬೇಕಾದ ಜಾಗ, ಆಳೆತ್ತರಕ್ಕೂ, ಖಾಲಿ.

"ನಾನೇ," ಎಂದರು ಭಾವ. "ಡ್ರೈವ್ ಕದ್ದದ್ದು ನಾನೇ. ಬಿಚ್ಚಿ ಮಾರಿಬಿಟ್ಟೆ."

ಇಂಜಿನಿಯರ್ ಗಲ್ಲ ಸವರಿಕೊಂಡ. "ಛೆ ಛೆ," ಎಂದ. "ಇಷ್ಟು ವರ್ಷ ಸರ್ವಿಸ್ ಮಾಡಿ..."

ಮೀಟರಮ್ಮ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಪೆಟ್ಟಿಗೆಯೊಳಗೆ ತಲೆಯಿಟ್ಟಳು. ಹಿಂಬದಿಯ ತಗಡಿನಲ್ಲಿ ಡ್ರೈವನ್ನು ಬಿಗಿಯಲು ಕೊರೆದ ತೂತುಗಳಿದ್ದವು. ಅಂಥ ಭಾರದ ವಸ್ತುವನ್ನು ಬೋಲ್ಟು ಹಾಕಿ ಬಿಗಿದು ಮತ್ತೆ ಬಿಚ್ಚಿದ್ದರೆ ತೂತಿನ ಸುತ್ತ ಬಣ್ಣ ಒಡೆದಿರಬೇಕು, ವಾಷರಿನ ಗುರುತು ಕೊರೆದಿರಬೇಕು. ಅವಳು ಒಂದೊಂದರ ಸುತ್ತಲೂ ಬೆರಳಾಡಿಸಿದಳು. ಕಾರ್ಖಾನೆಯಲ್ಲಿ ಬಳಿದ ಬಣ್ಣ, ನುಣ್ಣಗೆ, ಹಾಗೆಯೇ ಇತ್ತು. ಆ ತೂತುಗಳೊಳಗೆ ಯಾವ ಬೋಲ್ಟೂ ಯಾವತ್ತೂ ಹೋಗಿರಲಿಲ್ಲ.

ಈ ಪೆಟ್ಟಿಗೆ ಬಂದದ್ದೇ ಖಾಲಿ. ಎಂದೂ ಇಲ್ಲದ ವಸ್ತುವನ್ನು ಕದ್ದೆನೆಂದು ಭಾವ ಒಪ್ಪಿಕೊಳ್ಳುತ್ತಿದ್ದಾರೆ.

"ಭಾವ, ಸುಳ್ಳು ಹೇಳ್ತಿದೀರಿ. ಯಾರನ್ನ ಉಳಿಸ್ತಾ ಇದೀರಿ?"

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು.

"ಏನಮ್ಮಾ," ಎಂದಿತು ಆ ಕಡೆಯ ತುಂಬುಗಂಟಲು. "ಡ್ರೈವ್ ಕದ್ದವನು ಯಾರು ಅಂತ ಗೊತ್ತಾಯ್ತಾ?"

ಮೀಟರಮ್ಮ ಸುತ್ತ ನೋಡಿದಳು. ಪೆಟ್ಟಿಗೆ ತೆರೆದು ಇನ್ನೂ ಗಾಳಿಯಾಡಿರಲಿಲ್ಲ. ಇಂಜಿನಿಯರ್‌ನ ಒಂದು ಕೈ ಗಲ್ಲದ ಮೇಲೆ, ಇನ್ನೊಂದು ಪೆಟ್ಟಿಗೆಯ ಬಾಗಿಲ ಮೇಲೆ. ಭಾವನ ಎರಡೂ ಕೈ ಜೋತುಬಿದ್ದಿದ್ದವು. ಈ ಕೋಣೆಯಿಂದ ಒಂದು ಮಾತೂ ಹೊರಗೆ ಹೋಗಿರಲಿಲ್ಲ. ಸಾಹೇಬರು ಅವಳನ್ನು ಕಳಿಸಿದ್ದು ಕರೆಂಟಿನ ಪತ್ತೆಗೆ. ಡ್ರೈವಿನ ಹೆಸರನ್ನು ಇಂದಿನವರೆಗೂ ಅವರು ಎತ್ತಿರಲಿಲ್ಲ.

"ಕೇಳಿಸ್ತಾ ಇದ್ಯಾ? ನಂಗೆ ಬೇಕಾದದ್ದು ಒಂದೇ ಹೆಸರು. ನೀವು ಹೇಳ್ತೀರೋ? ಇಲ್ಲ, ರಾತ್ರಿ ಊಟ ಮಾಡಿ ಮಲಗಿದ್ದು ಯಾರ ಮನೇಲಿ ಅಂತ ನಾನು ಕೇಳಲೋ?"

ಭಾವ ಹತ್ತಿರ ಬಂದರು. ಮೋಟಾರಿನ ಸದ್ದಿನಲ್ಲಿ ಫೋನಿಗೆ ಕೇಳಿಸದಂತೆ ಅವಳ ಕಿವಿಯ ಬಳಿ ಬಗ್ಗಿದರು.

"ನನ್ನ ಹೆಸರು ಹೇಳು. ನಾನು ಹೋದ್ರೆ ನಿನ್ನಕ್ಕ ಬೀದಿಗೆ ಬರ್ತಾಳೆ, ಅಷ್ಟೇ. ಬೇರೆ ಹೆಸರು ಹೇಳಿದ್ಯೋ, ನಿನ್ನಕ್ಕ ಜೈಲಿಗೆ ಹೋಗ್ತಾಳೆ."

"ಅಕ್ಕನಾ? ಅವಳಿಗೂ ಇದಕ್ಕೂ ಏನು ಸಂಬಂಧ?"

"ಡ್ರೈವ್ ಬಂದು ಮುಟ್ಟಿತು ಅನ್ನೋ ರಸೀದಿಗೆ, ನಾನಿಲ್ಲದಾಗ, ಇವರು ಅವಳ ಸಹಿ ಹಾಕಿಸ್ಕೊಂಡಿದಾರೆ," ಎಂದರು ಭಾವ. ಅವರ ಕಣ್ಣಲ್ಲಿ ಅವಳು ಎಂದೂ ಕಾಣದಿದ್ದ ಭಯವಿತ್ತು. ಅದು ಇಂಜಿನಿಯರ್‌ನ ಭಯವಲ್ಲ, ಸಾಹೇಬರ ಭಯವೂ ಅಲ್ಲ. ಅವರು ನೋಡುತ್ತಿದ್ದದ್ದು ಕಿಟಕಿಯಾಚೆಗೆ, ಕ್ವಾರ್ಟರ್ಸಿನ ಮುಚ್ಚಿದ ಬಾಗಿಲನ್ನು.

"ಹೆಸರು," ಎಂದಿತು ಫೋನು.

ಮೀಟರಮ್ಮ ಭಾವನ ಹೆಸರು ಹೇಳಿದಳು. ಕತ್ತಲಾಗುವ ಮೊದಲೇ ಭಾವ ಅಮಾನತಾದರು. ಮನೆ ಖಾಲಿ ಮಾಡಲು ಅಕ್ಕನಿಗೆ ಒಂದು ವಾರದ ಗಡುವು ಬಂತು.